ಬೆರಳು ಬಿಟ್ಟು ಎಲ್ಲಿ ಬೇಕಾದರೂ

ನಮ್ಮ ಮನೆಯಲ್ಲಿ ಹೊಡೆತಕ್ಕೆ ಬರವಿರಲಿಲ್ಲ. ಅಪ್ಪ ಬೆನ್ನಿಗೆ ಹೊಡೆಯುತ್ತಿದ್ದ, ಅವ್ವ ಮೀನಖಂಡಕ್ಕೆ, ಅಪ್ಪನ ತಮ್ಮ ಅಂದರೆ ನಮ್ಮ ಕಾಕಾ ಸಿಕ್ಕ ಸಿಕ್ಕಲ್ಲಿ. ಆದರೆ ಕೈಬೆರಳಿಗೆ ಮಾತ್ರ ಯಾರೂ ಹೊಡೆಯುತ್ತಿರಲಿಲ್ಲ. ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಅದು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಅವ್ವ ಸಿಟ್ಟು ನೆತ್ತಿಗೇರಿ ಸವಟು ಎತ್ತಿದರೆ ನಾವು ಮಕ್ಕಳು ಮುಖ ಮುಚ್ಚಿಕೊಳ್ಳುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಐದೂ ಬೆರಳು ಅಗಲಿಸಿ ಕೈ ಮುಂದೆ ಚಾಚುತ್ತಿದ್ದೆವು. ಬೆರಳು ಅಡ್ಡ ಬಂದರೆ ಸವಟು ತಾನಾಗಿ ನಿಲ್ಲುತ್ತಿತ್ತು.

ಕಾರಣ ಕೊಂಡಿ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವುದಕ್ಕೆ ನಾವು ಕೊಂಡಿ ಹಾಕುವುದು ಎನ್ನುತ್ತೇವೆ. ಕಣ್ಣಿಗಿಂತ ಬೆರಳ ತುದಿಗೆ ಹೆಚ್ಚು ತಿಳಿಯುವ ಕೆಲಸ ಅದು. ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ನನ್ನ ಕೈಯೇ ಚುರುಕು. ಹುಡುಗಿಯಾದ ನಾನು ಹೈಸ್ಕೂಲಿಗೆ ಹೋಗಲು ಅಪ್ಪ ಒಪ್ಪಿದ್ದೇ ಒಂದು ಷರತ್ತಿನ ಮೇಲೆ: ಬೆಳಿಗ್ಗೆ ಮತ್ತು ಸಂಜೆ ಕೊಂಡಿ ಹಾಕಬೇಕು. ಕೊಂಡಿ ನಿಂತ ದಿನ ಶಾಲೆಯೂ ನಿಲ್ಲುತ್ತದೆ.

ಎಂಟನೆಯ ತರಗತಿಯಲ್ಲಿ ಮೂರನೆಯ ಭಾಷೆ ಯಾವುದು ಎಂದು ಒಂದು ಫಾರ್ಮ್ ಕೊಟ್ಟರು. ಹಿಂದಿ ಅಥವಾ ಫಾರಸಿ. ನಮ್ಮ ಶಾಲೆಗೆ ಅಂಟಿಕೊಂಡೇ ಉರ್ದು ವಿಭಾಗವಿತ್ತು, ಅಲ್ಲಿ ಒಬ್ಬ ವಯಸ್ಸಾದ ಮಾಸ್ತರರು ಎಂಟೊಂಬತ್ತು ಮಕ್ಕಳಿಗೆ ಫಾರಸಿ ಕಲಿಸುತ್ತಿದ್ದರು. ನಮ್ಮ ಓಣಿಯವರೆಲ್ಲ ಕಣ್ಣು ಮುಚ್ಚಿ ಹಿಂದಿ ಎಂದು ಬರೆದರು. ನಾನೂ ಬರೆದೆ.

ಹಿಂದಿ ಮಾಸ್ತರನ ಕೈಯಲ್ಲಿ ಕಟ್ಟಿಗೆಯ ಒಂದು ರೂಲು ಇರುತ್ತಿತ್ತು. ಮಕ್ಕಳನ್ನು ಹೊಡೆಯಬಾರದು ಎಂಬ ಫಲಕ ಹೆಡ್‌ಮಾಸ್ತರರ ಕೋಣೆಯ ಹೊರಗೆ ತೂಗುತ್ತಿತ್ತು. ಅದರ ಕೆಳಗಿನಿಂದಲೇ ಅವನು ರೂಲು ಹಿಡಿದು ತರಗತಿಗೆ ಬರುತ್ತಿದ್ದ. ಮೊದಲನೆಯ ವಾರ ನಾನೊಂದು ಪಾಠ ಒಪ್ಪಿಸಲಾರದೆ ನಿಂತೆ. ರೂಲು ಮೇಲೇಳುತ್ತಿದ್ದಂತೆ ರೂಢಿಯಂತೆ ಬೆರಳು ಅಗಲಿಸಿ ಮುಂದೆ ಚಾಚಿದೆ, ಈಗ ನಿಲ್ಲುತ್ತದೆ ಎಂಬ ಪೂರ್ತಿ ಭರವಸೆಯಿಂದ. ಅದು ನಿಲ್ಲಲಿಲ್ಲ. ಗೆಣ್ಣುಗಳ ಮೇಲೆ ನಾಲ್ಕು ಬಿದ್ದವು. ನೋವಿಗಿಂತ ಮೊದಲು ನನಗಾದದ್ದು ಆಶ್ಚರ್ಯ. ಇಂಥ ಮನುಷ್ಯರೂ ಇರುತ್ತಾರೆಯೇ ಎಂದು ಅವನ ಮುಖವನ್ನೇ ನೋಡಿದೆ. ಹಾಗೆ ನೋಡಿದ್ದಕ್ಕೆ ಇನ್ನೆರಡು ಬಿದ್ದವು.

ಮರುದಿನ ಅಪ್ಪ ಶಾಲೆಗೆ ಬಂದ. ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದ:

"ಎಲ್ಲಿ ಬೇಕಾದ್ರೂ ಹೊಡೀರಿ ಸರ. ಬೆನ್ನಾಗ ಹೊಡೀರಿ, ಕಪಾಳಕ್ಕ ಹೊಡೀರಿ, ನಂದೇನ ತಕರಾರಿಲ್ಲ. ಬೆರಳಿಗೆ ಒಂದ ಹೊಡೀಬ್ಯಾಡ್ರಿ."

"ಆತು, ಹೋಗ್ರಿ" ಎಂದ ಮಾಸ್ತರ. ಅಪ್ಪನ ಬೆನ್ನು ಮರೆಯಾದದ್ದೇ ನನ್ನನ್ನು ಎಬ್ಬಿಸಿ ನಿಲ್ಲಿಸಿದ. "ನಿನ್ನ ಬೆರಳೇನ ಬಂಗಾರದ್ದೇನು? ಚಾಚು." ಅವತ್ತಿನಿಂದ ತಪ್ಪು ಮಾಡಲಿ ಬಿಡಲಿ, ದಿನಕ್ಕೊಮ್ಮೆ ನನ್ನ ಬೆರಳು ಅವನಿಗೆ ಬೇಕೇ ಬೇಕಾಯಿತು. ಅವನನ್ನು ನಾನು ಈಗಲೂ ಕ್ಷಮಿಸಿಲ್ಲ, ಕ್ಷಮಿಸುವ ಉಮೇದೂ ಇಲ್ಲ.

ಬಾತ ಬೆರಳಿಗೆ ಎಳೆ ತಿಳಿಯಲಿಲ್ಲ. ಒಂದು ಸಂಜೆ ಕೊಂಡಿ ಹಾಕುತ್ತ ಹಾಕುತ್ತ ಕೆಂಪು ರೇಷ್ಮೆಯ ಒಂದು ಹಿಡಿ ಎಳೆಯನ್ನೇ ಹರಿದುಬಿಟ್ಟೆ. ಅಪ್ಪ ಕಪಾಳಕ್ಕೆ ಬಾರಿಸಿದ. ಕಿವಿಯಲ್ಲಿ ಗುಂಯ್ ಎನ್ನುವಾಗಲೇ ಅವನ ಮಾತು ಕೇಳಿಸಿತು.

"ಸಾಕ. ನಾಳಿಂದ ಸಾಲಿ ಬಂದ್."

"ಹಿಂದಿ ಬಿಡ್ತೇನಿ ಅಪ್ಪಾ. ಸಾಲಿ ಬಿಡಂಗಿಲ್ಲ" ಎಂದೆ. ಶನಿವಾರದವರೆಗೆ ಭಾಷೆ ಬದಲಿಸಬಹುದೆಂದೂ ಫಾರ್ಮಿಗೆ ಅಪ್ಪನ ಸಹಿ ಬೇಕೆಂದೂ ಶಾಲೆಯ ಗುಮಾಸ್ತ ಹೇಳಿದ್ದ. ಫಾರಸಿ ತರಗತಿಯನ್ನು ನಾನು ಕಿಟಕಿಯಿಂದ ಎರಡು ಸಲ ನೋಡಿ ಬಂದಿದ್ದೆ. ಆ ಲಿಪಿ ನನಗೆ ತಲೆಬುಡ ತಿಳಿದಿರಲಿಲ್ಲ. ನಾನು ನೋಡಿದ್ದು ಮಾಸ್ತರರ ಮೇಜನ್ನು. ಅದರ ಮೇಲೆ ಕೋಲಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

"ಅವ್ರು ಹೊಡಿಯಂಗಿಲ್ಲೇನು?" ಅಪ್ಪ ಕೇಳಿದ.

"ಇಲ್ಲ."

"ಹಂಗಾದ್ರ ಅದನ್ನ ತಗೋ. ತಾ ಇಲ್ಲೆ ಕಾಗದ."

ಎದುರಿನ ಮಗ್ಗದ ಕುಣಿಯಲ್ಲಿ, ಆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ ಕಾಕಾ ಲಾಳಿ ಓಡಿಸುವುದನ್ನು ನಿಲ್ಲಿಸಿದ. ಅವನಿಗೆ ಸೂಡಿಯಿಂದ ಹೆಣ್ಣು ತರುವ ಮಾತು ನಡೆದಿತ್ತು, ಬೀಗರಾಗುವವರು ಮುಂದಿನ ವಾರ ಬರುವವರಿದ್ದರು.

"ನಮ್ಮ ಮನಿ ಹುಡುಗಿ ಉರ್ದು ಸಾಲ್ಯಾಗ ಹೋಗಿ ಕುಂದರ್ತಾಳಂದ್ರ ಸೂಡಿಯವ್ರು ಏನಂತಾರು? ನನ್ನ ಲಗ್ನ ಮುರೀತದ" ಎಂದ.

"ಮುರೀಲಿ" ಎಂದ ಅಪ್ಪ. ಅವನೂ ಹಾಗೆ ಅನ್ನಬಾರದಿತ್ತು.

ಕಾಕಾ ಎದ್ದು ಬಂದು ಫಾರ್ಮ್ ಕಸಿದುಕೊಂಡ. ಅಪ್ಪ ಅವನ ಎದೆಗೆ ಒದ್ದ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಮಗ್ಗದ ಕುಣಿಗೆ ಬಿದ್ದರು. ಮಗ್ಗಕ್ಕೆ ಬಿಗಿದಿದ್ದ ಹಾಸಿನ ಎಳೆಗಳು ಚರ್ರನೆ ಹರಿದವು. ಅಪ್ಪ ತಮ್ಮನ ಭುಜ ಕಚ್ಚಿದ, ಅಪ್ಪನ ಹಲ್ಲಿನ ಮೇಲೆ ರಕ್ತ ನೋಡಿದೆ. ಅವ್ವ ಕೊಡದ ನೀರನ್ನು ಇಬ್ಬರ ಮೇಲೂ ಸುರಿದಳು. ಯಾರೂ ಬಿಡಲಿಲ್ಲ. ಕಾಕಾನ ಕೈಗೆ ಕುಣಿಯ ಅಂಚಿನಲ್ಲಿದ್ದ ಕಟ್ಟಿಗೆಯ ಗೂಟ ಸಿಕ್ಕಿತು. ಅದನ್ನು ಎತ್ತಿದಾಗ ಅಪ್ಪ ನಾವೆಲ್ಲರೂ ಮಾಡುವುದನ್ನೇ ಮಾಡಿದ. ಬಲಗೈಯ ಐದೂ ಬೆರಳು ಅಗಲಿಸಿ ಮುಂದೆ ಚಾಚಿದ. ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಅಪ್ಪ ಕೂಗಲಿಲ್ಲ. ಕೂಗಿದ್ದು ಕಾಕಾ. ತನ್ನ ಕೈಯಲ್ಲಿದ್ದ ಗೂಟವನ್ನು ಹಾವು ಹಿಡಿದವನಂತೆ ಕೊಡವಿ ಎಸೆದು, ಕುಣಿಯೊಳಗೇ ಕೂತು ಅಣ್ಣನ ಕೈ ಹಿಡಿದು ಅಳತೊಡಗಿದ. ದವಾಖಾನೆಗೆ ಅವನೇ ಗಾಡಿಯ ಮೇಲೆ ಕೂರಿಸಿಕೊಂಡು ಹೋದ. ತೋರುಬೆರಳು, ನಡುಬೆರಳು ಎರಡೂ ಮುರಿದಿದ್ದವು.

ಶನಿವಾರ ಅಪ್ಪ ನನ್ನ ಜೊತೆ ಶಾಲೆಗೆ ಬಂದು ಹೊಸ ಫಾರ್ಮಿನ ಮೇಲೆ ಎಡಗೈಯಿಂದ ಸಹಿ ಮಾಡಿದ. ಗುಮಾಸ್ತ ಹಿಂದಿಗೆ ಕೊಟ್ಟಿದ್ದ ಹಳೆಯ ಫಾರ್ಮಿನ ಜೊತೆ ಇಟ್ಟು ನೋಡಿ, "ಸಹಿ ಕೂಡೂದಿಲ್ಲಲ್ಲರೀ?" ಎಂದ. ಅಪ್ಪ ಪಟ್ಟಿ ಕಟ್ಟಿದ ಬಲಗೈ ಎತ್ತಿ ತೋರಿಸಿದ. ಗುಮಾಸ್ತ ಫಾರ್ಮಿನ ಮೇಲೆ ಸಿಕ್ಕಾ ಒತ್ತಿದ.

ಸೂಡಿಯ ಸಂಬಂಧ ಮುರಿಯಲಿಲ್ಲ. ಅವರು ನಾನು ಏನು ಓದುತ್ತೇನೆ ಎಂದು ಕೇಳಲೇ ಇಲ್ಲ. ಲಗ್ನವಾದ ಮೇಲೆ ಕಾಕಾ ಬೇರೆ ಮನೆ ಮಾಡಿದ.

ಫಾರಸಿ ಮಾಸ್ತರರು ಒಮ್ಮೆ ನನ್ನ ತಪ್ಪು ತಿದ್ದಲು ಹತ್ತಿರ ಬಂದಾಗ ನನ್ನ ಕೈ ತಾನೇ ಮುಂದೆ ಹೋಯಿತು. ಅವರು ನನ್ನ ಅಗಲಿಸಿದ ಬೆರಳುಗಳನ್ನು ನೋಡಿ, ಅವುಗಳ ನಡುವೆ ಸೀಮೆಸುಣ್ಣ ಇಟ್ಟರು. "ಬರಿ, ಬೇಟಿ" ಎಂದರು. ನಾನು ಬೋರ್ಡಿನ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಮೂರು ವರ್ಷ ಅವರ ಕೈಯಲ್ಲಿ ಕಲಿತೆ, ಚಲೋ ಕಲಿತೆ.

ಅಪ್ಪನ ಎರಡು ಬೆರಳು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಅವನ ಪಾಲಿನ ಕೊಂಡಿಯೂ ನನಗೇ ಬಂತು. ನನಗಾಗಿ ಅಪ್ಪ ಕೈ ಕಳೆದುಕೊಂಡ ಎಂಬ ಹೆಮ್ಮೆಯಲ್ಲಿ ಆ ಭಾರ ಭಾರವೆನಿಸಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ, ಕೊಂಡಿ ಹಾಕುತ್ತ ಕೂತವಳು ಬಾಯಿ ಬಿಟ್ಟು ಕೇಳಿದೆ.

"ಅಪ್ಪಾ, ಅವತ್ತು ನೀ ಕಾಕಾನ ಕೂಡ ಬಡಿದಾಡಿದ್ದು ನನ್ನ ಸಾಲಿ ಸಲುವಾಗಿ ಹೌದಲ್ಲೋ?"

ಅಪ್ಪ ತಲೆ ಎತ್ತಲಿಲ್ಲ. "ಕೊಂಡಿ ಸಲುವಾಗಿ. ನಿನ್ನ ಬೆರಳ ಹೋಗಿದ್ರ ಯಾರ ಹಾಕ್ತಿದ್ರು?"

ಅವನು ಒಂದು ಸುಳ್ಳು ಹೇಳಬಹುದಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕ ಲಾಳಿಯನ್ನು ಅವನತ್ತ ಬೀಸಿ ಒಗೆದೆ. ಅವನು ಮುಖ ತಿರುಗಿಸಲಿಲ್ಲ, ಬಲಗೈಯನ್ನೇ ಚಾಚಿದ. ಮೂರು ಬೆರಳು ಅಗಲಿದವು, ಎರಡು ಬಾಗಿಯೇ ಉಳಿದವು. ಲಾಳಿ ಆ ಎರಡಕ್ಕೇ ಬಡಿದು ನೆಲಕ್ಕೆ ಬಿತ್ತು.

ಅಪ್ಪ ಬಲಗೈಯನ್ನು ಕಂಕುಳಲ್ಲಿ ಒತ್ತಿ ಹಿಡಿದ. ಆಮೇಲೆ ಬಗ್ಗಿ ಲಾಳಿ ಎತ್ತಿಕೊಂಡು, ಎಡಗೈಯ ಹೆಬ್ಬೆರಳಿನಿಂದ ಅದರ ಮೊನೆ ಸವರಿ ನೋಡಿ ನನ್ನ ಮುಂದೆ ಹಿಡಿದ.

"ಮೊನಿ ಮುರಿದಿಲ್ಲ" ಎಂದ. "ತಗೋ."