ಗೋಡೆ ಹತ್ತಿದ ನೆರಳು

ಹಮೀದ್ ಸರ್ ಲ್ಯಾಬಿನಲ್ಲಿ ಯಾರ ಪರದೆಯನ್ನೂ ನೋಡಿ ತಿದ್ದಿದವರಲ್ಲ. ನಮ್ಮ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ತಲೆಯನ್ನು ಸ್ವಲ್ಪ ತಗ್ಗಿಸಿ, ಕಿವಿಯನ್ನು ನಮ್ಮ ಕಡೆ ತಿರುಗಿಸಿ ನಿಲ್ಲುತ್ತಿದ್ದರು. "ಎಂತ ಕಾಣ್ತದೆ, ಹೇಳು" ಎನ್ನುತ್ತಿದ್ದರು. ನಾವು ಹೇಳುತ್ತಾ ಹೋಗಬೇಕು, ಅವರು ಕೇಳುತ್ತಾ ಹೋಗಬೇಕು. ಚಿತ್ರ ಮಾಡುವ ವಿದ್ಯೆಯನ್ನು ಕಿವಿಯಿಂದ ಕಲಿಸುವ ಮೇಷ್ಟ್ರು ಲೋಕದಲ್ಲಿ ಇವರೊಬ್ಬರೇ ಇರಬೇಕು ಎಂದು ನಾವು ಕ್ಯಾಂಟೀನಿನಲ್ಲಿ ಕೂತು ನಗಾಡುತ್ತಿದ್ದೆವು.

ಅವರ ಬಗ್ಗೆ ಬರೆಯುವ ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ಅವರಿಗೆ ಒಂದು ಸುಳ್ಳು ಹೇಳಿದ್ದೇನೆ. ವಿದ್ಯಾರ್ಥಿಗಳು ಮೇಷ್ಟ್ರಿಗೆ ಹೇಳುವ ನೂರು ಸುಳ್ಳುಗಳ ಜಾತಿಗೆ ಅದು ಸೇರಿದ್ದಲ್ಲ. ಅದನ್ನು ಬಿಟ್ಟು ಅವರನ್ನು ಬರೀ ಹೊಗಳಿ ಬರೆದರೆ ಇನ್ನೊಂದು ಸುಳ್ಳು ಹೇಳಿದಂತಾಗುತ್ತದೆ.

ಮೂಡುಬಿದಿರೆಯ ಹೊರಗಿದ್ದ ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ನಾನು ಬೆಳ್ತಂಗಡಿಯಿಂದ ವೇಣೂರು ಮಾರ್ಗವಾಗಿ ಬರುತ್ತಿದ್ದೆ, ಸರ್ ಬಂಟ್ವಾಳದಿಂದ ಸಿದ್ಧಕಟ್ಟೆ ಮಾರ್ಗವಾಗಿ. ಮೂರನೇ ವರ್ಷದಲ್ಲಿ ಗೇಮ್ ಮತ್ತು ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಎಂಬ ವಿಷಯ ಸಿಕ್ಕಿತು. ಗೇಮ್ ಎಂಬ ಹೆಸರು ನೋಡಿ, ಆಡಿಕೊಂಡೇ ಪಾಸಾಗಬಹುದೆಂದು ಸೇರಿದವರೇ ನಾವೆಲ್ಲ. ಮೊದಲ ತಿಂಗಳು ಪೂರ್ತಿ ಒಂದು ತ್ರಿಕೋನ, ಆಮೇಲೆ ಒಂದು ಪೆಟ್ಟಿಗೆ, ಅಷ್ಟರಲ್ಲೇ ಕಳೆಯಿತು.

"ಒಂದು ಪೆಟ್ಟಿಗೆ ಉಂಟು ಸರ್" ಎಂದ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಅಶ್ವತ್ಥ್, ಮೊದಲ ಸಲ ಸರ್ ಅವನ ಕುರ್ಚಿಯ ಹಿಂದೆ ನಿಂತಾಗ.

"ಎಷ್ಟು ಮುಖ ಕಾಣ್ತದೆ?"

"ಮೂರು ಸರ್."

"ಬೆಳಕು ಎಲ್ಲಿಂದ ಬೀಳ್ತಾ ಉಂಟು?"

"ಅದು ಗೊತ್ತಿಲ್ಲ."

"ನಿನಗೇ ಗೊತ್ತಿಲ್ಲದ್ದನ್ನು ಕಂಪ್ಯೂಟರಿಗೆ ಹೇಗೆ ಹೇಳ್ತಿ ಮಾರಾಯ? ಅದು ನಿನಗಿಂತ ಪೆದ್ದು. ಮೊದಲು ನೀನು ನೋಡು."

ಸರ್ ಎತ್ತರದ, ತೆಳ್ಳಗಿನ ಆಳು. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ, ಇಸ್ತ್ರಿ ಮುರಿಯದ ತುಂಬುತೋಳಿನ ಅಂಗಿ, ಹತ್ತಿರ ಬಂದರೆ ತೆಳುವಾದ ಅತ್ತರಿನ ವಾಸನೆ. ಹಿಂದೆ ದುಬೈಯ ಒಂದು ಕಚೇರಿಯಲ್ಲಿ, ಇನ್ನೂ ಕಟ್ಟಿರದ ಕಟ್ಟಡಗಳು ಕಟ್ಟಿ ಮುಗಿದ ಮೇಲೆ ಹೇಗೆ ಕಾಣುತ್ತವೆ ಎಂಬ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದರಂತೆ. ಅಷ್ಟು ಒಳ್ಳೆಯ ಕೆಲಸ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದರೆ "ಅಲ್ಲಿ ಬಿಸಿಲು ಜಾಸ್ತಿ" ಎಂದು ಹೇಳಿ ಮಾತು ಮುಗಿಸುತ್ತಿದ್ದರು.

ಅವರಿಗೆ ಜಂಭ ಎಂಬ ಮಾತೂ ಕಾಲೇಜಿನಲ್ಲಿತ್ತು. ಪಕ್ಕದಿಂದ ಯಾರಾದರೂ ಕೈ ಚಾಚಿದರೆ ಕುಲುಕದೆ ಮುಂದೆ ಹೋಗುತ್ತಿದ್ದರು. ವರಾಂಡದ ಬದಿಯಲ್ಲಿ ನಿಂತು ನಮಸ್ಕಾರ ಎಂದರೆ ಆ ಕಡೆ ತಿರುಗದೆ ಎದುರಿಗೇ ತಲೆಯಾಡಿಸುತ್ತಿದ್ದರು. ವಾರ್ಷಿಕೋತ್ಸವ ಇರಲಿ, ಯಾರ ಮಗಳ ಮದುವೆಯ ಔತಣ ಇರಲಿ, ಸೂರ್ಯ ಇಳಿಯುವ ಮೊದಲೇ ಬಸ್ಸು ಹತ್ತಿಬಿಡುತ್ತಿದ್ದರು. ನನಗೂ ಒಮ್ಮೆ ಸಿಟ್ಟು ಬಂದಿತ್ತು. ರಾಜ್ಯ ಮಟ್ಟದ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂದದ್ದನ್ನು ಹೇಳಲು ಅವರ ಮೇಜಿನ ಬದಿಯಲ್ಲಿ ಐದು ನಿಮಿಷ ನಿಂತಿದ್ದೆ, ಅವರು ತಲೆಯೆತ್ತಲಿಲ್ಲ.

ಆದರೆ ಪಾಠಕ್ಕೆ ನಿಂತರೆ ಬೇರೆಯೇ ಮನುಷ್ಯ. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದರು. ಮೊಬೈಲ್ ತೆಗೆಯಬಾರದು, ಫೋಟೋ ಹೊಡೆಯಬಾರದು, ಒಬ್ಬೊಬ್ಬರು ಒಂದೊಂದು ಕಂಬ ಹಿಡಿದು ಅದರ ನೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬರೆಯಬೇಕು ಎಂಬ ಕಟ್ಟಪ್ಪಣೆ. ಅವರು ಮಾತ್ರ ಒಂದು ಕಂಬದ ಕೆತ್ತನೆಯ ಮೇಲೆ ಅಂಗೈ ಆಡಿಸುತ್ತಾ ನಿಂತಿದ್ದರು. ಮೆಟ್ಟಿಲು ಇಳಿಯುವಾಗ ಅಶ್ವತ್ಥನ ಹೆಗಲಿಗೆ ಕೈ ಹಾಕಿಕೊಂಡರು. ಸರ್‌ಗೆ ಇವತ್ತು ನಮ್ಮ ಮೇಲೆ ಪ್ರೀತಿ ಬಂದಿದೆ ಎಂದು ಅಶ್ವತ್ಥ್ ಹಿಗ್ಗಿಹೋದ.

ನಿಜ ನನಗೆ ತಿಳಿದದ್ದು ನಾಲ್ಕನೇ ವರ್ಷದಲ್ಲಿ. ಅಂದು ನಾನು ಲ್ಯಾಬಿನ ರೆಕಾರ್ಡ್ ಪುಸ್ತಕ ಬರೆಯುತ್ತಾ ಕೂತಿದ್ದೆ. ತುಂಬ ಹೊತ್ತು ಮುಟ್ಟದೆ ಇದ್ದುದರಿಂದ ಪರದೆ ತಾನಾಗಿ ಆರಿ ಕಪ್ಪಾಗಿತ್ತು. ಸರ್ ಬಂದು ಕುರ್ಚಿ ಹಿಡಿದು "ಹೂಂ, ಎಂತ ಕಾಣ್ತದೆ?" ಎಂದರು. ತಮಾಷೆ ಮಾಡುತ್ತಿದ್ದಾರೆಂದು ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ. ಅವರು ಆ ಕಪ್ಪು ಪರದೆಯ ಕಡೆಗೆ ಮುಖ ಮಾಡಿ, ನಾನು ಹೇಳುವುದಕ್ಕಾಗಿ ಕಾಯುತ್ತಿದ್ದರು.

ಹಿಂದಿನ ದಿನ ಮಾಡಿದ್ದ ಒಂದು ಚೆಂಡನ್ನು ನೆನಪಿನಿಂದಲೇ ವರ್ಣಿಸಿದೆ. "ಹೊಳಪು ಬೆಳಕಿನ ಕಡೆಗೇ ಉಂಟಾ, ಸ್ವಲ್ಪ ನಿನ್ನ ಕಡೆಗೆ ಸರಿದಿದೆಯಾ?" ಎಂದು ಕೇಳಿದರು. ಸರಿದಿದೆ ಎಂದೆ. "ಲಾಯ್ಕ ಉಂಟು" ಎಂದು ಹೇಳಿ, ಮುಂದಿನ ಕುರ್ಚಿಯನ್ನು ಕೈಯಿಂದ ಹುಡುಕಿಕೊಂಡು ಹೋದರು.

ಕೈ ಕುಲುಕದ್ದು, ಬದಿಯಲ್ಲಿ ನಿಂತವರು ಕಾಣದ್ದು, ಸಂಜೆಯ ಬಸ್ಸು, ಅಶ್ವತ್ಥನ ಹೆಗಲು, ಎಲ್ಲ ಒಟ್ಟಿಗೆ ಅರ್ಥವಾಯಿತು. ಅವರನ್ನು ಜಂಭದವರು ಎಂದ ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಯಿತು. ಯಾರಿಗೂ ಹೇಳಲಿಲ್ಲ. ಅವರೇ ಮುಚ್ಚಿಟ್ಟದ್ದನ್ನು ಹೇಳಲು ನಾನು ಯಾರು? ಅಂದಿನಿಂದ ಲ್ಯಾಬಿನ ನಡುದಾರಿಯಲ್ಲಿ ಬಿದ್ದಿರುತ್ತಿದ್ದ ಬ್ಯಾಗುಗಳನ್ನು ಸರ್ ಬರುವ ಮೊದಲು ಎತ್ತಿ ಬದಿಗಿಡುವುದನ್ನು ನನ್ನ ಕೆಲಸ ಮಾಡಿಕೊಂಡೆ. ಆ ಗುಟ್ಟು ನನ್ನೊಬ್ಬಳದು ಎಂಬ ಸಣ್ಣ ಹೆಮ್ಮೆಯೂ ಇತ್ತು, ಇಲ್ಲವೆಂದರೆ ತಪ್ಪಾದೀತು.

ಆ ವರ್ಷದ ಕೊನೆಯ ಅಭ್ಯಾಸ ನೆರಳು. ಬಸದಿಯಂಥ ಒಂದು ಕಂಬಗಳ ಸಾಲು, ನಡುವೆ ತೂಗಾಡುವ ಒಂದು ದೀಪ. ದೀಪ ತೂಗಿದ ಹಾಗೆ ಕಂಬಗಳ ನೆರಳು ನೆಲದ ಮೇಲೆ ಓಡಾಡಬೇಕು. ನೆರಳಿಲ್ಲದಿದ್ದರೆ ಕಂಬ ನೆಲ ಮುಟ್ಟದೆ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. "ದೀಪದ ಜಾಗದಲ್ಲಿ ನೀನು ಹೋಗಿ ಕೂತುಕೋ. ಅಲ್ಲಿಂದ ನಿನಗೆ ಯಾವುದು ಕಾಣುದಿಲ್ವೋ ಅದೇ ನೆರಳು, ಬೇರೆ ಎಂತದೂ ಅಲ್ಲ" ಎಂದು ಸರ್ ಪಾಠ ಮುಗಿಸಿದರು. ಆಮೇಲೆ ಎಲ್ಲರ ಎದುರಿಗೇ ನನ್ನ ಹೆಸರೆತ್ತಿ "ಇದು ಮೊದಲು ಸುಪ್ರೀತಾಳದ್ದೇ ಬರ್ತದೆ, ನೋಡಿ" ಎಂದರು.

ಬರಲಿಲ್ಲ. ಮೂರು ವಾರ ತಲೆ ಚಚ್ಚಿಕೊಂಡರೂ ನೆಲದ ತುಂಬ ಕಪ್ಪು ಗೆರೆಗಳೇ ಬಂದವು. ತೋರಿಸುವ ದಿನ ಆ ಗೆರೆಗಳ ಅಸಹ್ಯ ನೋಡಲಾಗದೆ ನೆರಳಿನ ಭಾಗವನ್ನೇ ತೆಗೆದುಹಾಕಿದೆ. ಖಾಲಿ ನೆಲದ ಮೇಲೆ ಕಂಬಗಳು ತೇಲುತ್ತಿದ್ದವು. ಸರ್ ಬಂದು ನನ್ನ ಕುರ್ಚಿ ಹಿಡಿದರು.

"ಬಂತಾ?"

ಬರಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅವರ ದನಿಯಲ್ಲಿ ಬಂದೇ ಇರುತ್ತದೆ ಎಂಬ ನಂಬಿಕೆ ಇತ್ತು, ನನಗೆ ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅವರಿಗೆ ಕಾಣುವುದಿಲ್ಲವೆಂದು ಆ ಕೋಣೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ.

"ಬಂತು ಸರ್."

"ಬುಡದಲ್ಲಿ ನೆರಳು ಕಂಬಕ್ಕೆ ಕೂಡ್ತದಾ, ಎಡೆ ಉಂಟಾ?"

"ಕೂಡ್ತದೆ."

"ಗೋಡೆ ಸಿಕ್ಕಿದಲ್ಲಿ ಎಂತ ಆಗ್ತದೆ?"

"ಅಲ್ಲಿ ಮಡಚಿಕೊಂಡು ಗೋಡೆ ಹತ್ತುತ್ತದೆ ಸರ್. ದೀಪ ಆಚೆ ಹೋದಾಗ ಮೆಲ್ಲ ಇಳೀತದೆ. ತುದಿಯಲ್ಲಿ ಸ್ವಲ್ಪ ಮಸುಕು ಉಂಟು."

ಬಸದಿಯಲ್ಲಿ ಕಂಡದ್ದನ್ನೂ ಪುಸ್ತಕದಲ್ಲಿ ಓದಿದ್ದನ್ನೂ ಸೇರಿಸಿ ಹೇಳಿದೆ. ಚೆನ್ನಾಗಿಯೇ ಹೇಳಿದೆ, ನೋಡಿ ಹೇಳುವುದನ್ನು ಕಲಿಸಿದವರು ಅವರೇ ತಾನೇ. ಸರ್ ಕಣ್ಣು ಮುಚ್ಚಿ ನಿಂತಿದ್ದರು. "ಇನ್ನೊಂದು ಸಲ ಹೇಳು" ಎಂದರು. ಇನ್ನೊಂದು ಸಲ ಹೇಳಿದೆ. ಇಪ್ಪತ್ತಕ್ಕೆ ಇಪ್ಪತ್ತು ಅಂಕ ಬರೆಸಿ ಮುಂದೆ ಹೋದರು.

"ನನ್ನದು ಬರ್ಲಿಲ್ಲ ಸರ್. ನೆಲ ಇಡೀ ಕಪ್ಪು ಗೆರೆ" ಎಂದ ಅಶ್ವತ್ಥ್.

"ಗೆರೆ ಬಂತಾ? ಹಾಗಾದ್ರೆ ಹತ್ತಿರ ಬಂದಿದ್ದಿ ಮಾರಾಯ" ಎಂದು ಸರ್ ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತುಬಿಟ್ಟರು. ನೆಲ ತನ್ನ ನೆರಳು ತನ್ನ ಮೇಲೇ ಬಿದ್ದಿದೆಯೆಂದು ತಪ್ಪು ತಿಳಿಯುತ್ತದೆ, ಅದಕ್ಕೆ ಗೆರೆ ಬರುತ್ತದೆ, ಲೆಕ್ಕವನ್ನು ಒಂದು ಕೂದಲೆಳೆಯಷ್ಟು ಸರಿಸಿದರೆ ಸಾಕು ಎಂದು ಒಂದು ಗಂಟೆ ವಿವರಿಸಿದರು. ನನ್ನದೂ ಅದೇ ತಪ್ಪು. ಆದರೆ ನನ್ನದು ಆಗಲೇ ಬಂದಾಗಿತ್ತಲ್ಲ, ಎದ್ದು ಹೋಗಿ ಕೇಳುವ ಹಾಗಿರಲಿಲ್ಲ. ಆ ಕಡೆ ನೋಡದೆ ಸುಮ್ಮನೆ ಕೀಲಿಗಳನ್ನು ಒತ್ತುತ್ತಾ ಕೂತೆ.

ಸೆಮಿಸ್ಟರ್ ಮುಗಿದ ದಿನ ಸರ್ ಕೆಲಸ ಬಿಟ್ಟರು. ಕಣ್ಣಿನ ಪರದೆ ಅಂಚಿನಿಂದ ಒಳಗೆ ಸವೆಯುತ್ತಾ ಬರುವ ಕಾಯಿಲೆ, ದುಬೈಯಲ್ಲಿರುವಾಗಲೇ ಗೊತ್ತಾಗಿತ್ತು ಎಂದು ಅವತ್ತು ಅವರೇ ತರಗತಿಗೆ ಹೇಳಿದರು. ವಿಭಾಗದ ಮುಖ್ಯಸ್ಥರಿಗೆ ಮೊದಲೇ ತಿಳಿಸಿದ್ದರು, ಮಕ್ಕಳಿಗೆ ಹೇಳುವುದು ಬೇಡ ಎಂದವರು ಅವರೇ. "ಗೊತ್ತಾಗಿದ್ರೆ ನೀವು ಪಾಪ ಅಂತ ಹೇಳಿ ಎಲ್ಲ ಒಳ್ಳೆದೇ ಹೇಳ್ತಿದ್ರಿ. ಇದ್ದದ್ದನ್ನು ಇದ್ದ ಹಾಗೆ ಹೇಳ್ತಿರಲಿಲ್ಲ" ಎಂದು ನಕ್ಕರು. ಎಲ್ಲರೂ ಅಳುತ್ತಿದ್ದರು. ನಾನು ತಲೆಯೆತ್ತಲಿಲ್ಲ.

ಎರಡು ವರ್ಷ ಆ ಸುಳ್ಳನ್ನು ಹೊತ್ತುಕೊಂಡು ತಿರುಗಿದೆ. ಮಂಗಳೂರಿನಲ್ಲಿ ಶಾಲಾಮಕ್ಕಳ ಪಾಠಗಳಿಗೆ ಚಲಿಸುವ ಚಿತ್ರ ಮಾಡುವ ಒಂದು ಸಣ್ಣ ಕಚೇರಿ ಸೇರಿದೆ. ಪ್ರತಿಯೊಂದು ಚಿತ್ರಕ್ಕೂ ನೆರಳು ಹಾಕುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಿದ್ದೆ. ಕಡೆಗೆ ಒಂದು ಶನಿವಾರ, ಹೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಬಂಟ್ವಾಳದ ಹತ್ತಿರ ಪಾಣೆಮಂಗಳೂರಿನ ಅವರ ಮನೆಗೆ ಹೋದೆ.

ಬಾಗಿಲು ತೆರೆದ ಅವರ ಹೆಂಡತಿ ಜುಬೈದಕ್ಕ ನನ್ನ ಹೆಸರು ಕೇಳಿದ್ದೇ ಕೈ ಹಿಡಿದುಕೊಂಡರು. "ನೀವೇ ಅಲ್ವಾ ಆ ನೆರಳು ಮಾಡಿದ ಹುಡುಗಿ? ಇವರಿಗೆ ದಿನಾ ಅದೇ ಸುದ್ದಿ" ಎಂದು ಹೇಳಿ ಚಹಾ ಮಾಡಲು ಒಳಗೆ ಹೋದರು.

ಸರ್ ಕಿಟಕಿಯ ಬಳಿ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಸುಪ್ರೀತಾ, ಒಂದು ವಿಷಯ ಗೊತ್ತುಂಟಾ ನಿನಗೆ?" ಎಂದರು. "ಅವತ್ತು ನೀನು ಹೇಳಿದೆಯಲ್ಲ, ನೆರಳು ಮಡಚಿ ಗೋಡೆ ಹತ್ತುದು. ನಾನು ಕೊನೆಗೆ ಸರಿಯಾಗಿ ನೋಡಿದ ಚಿತ್ರ ಅದು. ಈಗಲೂ ಕಣ್ಣು ಮುಚ್ಚಿದ್ರೆ ಹಾಗೇ ಬರ್ತದೆ."

ಆ ಕ್ಷಣ ಎದ್ದು ಓಡಿಹೋಗಬೇಕೆನಿಸಿತು. ಹೇಳದಿದ್ದರೆ ಅವರ ಹತ್ತಿರ ಆ ಚಿತ್ರವಾದರೂ ಉಳಿಯುತ್ತಿತ್ತು. ಆದರೆ ಬಂದದ್ದೇ ಅದಕ್ಕೆ, ಹೇಳಿದೆ. ಕಪ್ಪು ಪರದೆಯ ಮುಂದೆ ನಿಂತಿದ್ದಾಗ ಅವರಿಗೆ ಕಾಣುವುದಿಲ್ಲವೆಂದು ತಿಳಿದದ್ದು, ಅದನ್ನು ಉಪಯೋಗಿಸಿಕೊಂಡದ್ದು, ಎಲ್ಲ ಹೇಳಿದೆ.

ಸರ್ ಕಿವಿಯನ್ನು ನನ್ನ ಕಡೆ ತಿರುಗಿಸಿದರು. "ಹಾಗಾದ್ರೆ ಅವತ್ತು ಎಂತ ಇತ್ತು ಅಲ್ಲಿ?" ಎಂದು ಕೇಳಿದರು.

"ಬರೀ ಕಂಬ ಸರ್. ನೆಲದ ಮೇಲೆ ಎಂತದೂ ಇರ್ಲಿಲ್ಲ."

"ಮಾರ್ಕಿನ ಸುದ್ದಿ ಬಿಡು, ಅದು ಹೋಗ್ಲಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ನಾನದನ್ನು ನೋಡಿದ್ದೇನಲ್ಲ ಮಾರಾಯ್ತಿ. ಈಗ ಎಂತ ಮಾಡುದು?"

ಕ್ಷಮಿಸಿ ಎಂದು ಅತ್ತೆ. "ಅಳುದು ಎಂತಕ್ಕೆ, ಬಸ್ಸಿಗೆ ಹೊತ್ತಾಯ್ತು, ಹೊರಡು" ಎಂದರು. ಜುಬೈದಕ್ಕ ತಂದ ಚಹಾ ಹೇಗೋ ಕುಡಿದು ಹೊರಟೆ. ಗೇಟಿನಲ್ಲಿ ಅವರ ಮಗಳು ಹನಾ ಶಾಲೆಯ ಚೀಲ ಹೊತ್ತು ಒಳಗೆ ಬರುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ವಿಚಿತ್ರವಾಗಿ ನೋಡಿದಳು.

ಆ ವಾರವೇ ಅಶ್ವತ್ಥನನ್ನು ಕೇಳಿ ಆ ನೆರಳನ್ನು ಮಾಡಿದೆ. ಒಂದು ಸಂಜೆಯ ಕೆಲಸ ಅಷ್ಟೇ. ಸರ್‌ಗೆ ಫೋನ್ ಮಾಡಿ ಹೇಳಲೇ ಎಂದು ಎಷ್ಟೋ ಸಲ ಅವರ ನಂಬರಿನ ಮೇಲೆ ಬೆರಳಿಟ್ಟು ತೆಗೆದೆ. ಯಾವ ಮುಖ ಇಟ್ಟುಕೊಂಡು ಹೇಳುವುದು, ಹೇಳಿದರೆ ಈ ಸಲ ಯಾಕೆ ನಂಬಬೇಕು ಅವರು? ನಾಳೆ, ನಾಡಿದ್ದು ಎನ್ನುತ್ತಾ ನಾಲ್ಕು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಅಶ್ವತ್ಥ್ ಫೋನ್ ಮಾಡಿದ. ಸರ್ ನಸುಕಿನ ಸುಬಹಿ ನಮಾಜಿಗೆ ಎದ್ದವರು ಎದೆ ಹಿಡಿದುಕೊಂಡು ಕೂತರಂತೆ, ಆಸ್ಪತ್ರೆ ಮುಟ್ಟಲಿಲ್ಲ. ನಲವತ್ತೇಳು ವರ್ಷ.

ಮೂರನೇ ದಿನ ಇಬ್ಬರೂ ಹೋದೆವು. ಅಶ್ವತ್ಥ್ ಅಂಗಳದಲ್ಲಿ ಗಂಡಸರ ಜೊತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ, ನನ್ನನ್ನು ಒಳಗೆ ಕರೆದರು. ಕೋಣೆಯ ತುಂಬ ಹೆಂಗಸರು ಕುರ್‌ಆನ್ ಓದುತ್ತಿದ್ದರು. ಜುಬೈದಕ್ಕ ನನ್ನನ್ನು ಹತ್ತಿರ ಕೂರಿಸಿಕೊಂಡು, ಪಕ್ಕದವರಿಗೆ "ಇವರೇ ಆ ನೆರಳು ಮಾಡಿದ ಹುಡುಗಿ" ಎಂದರು. ಸರ್ ನನ್ನ ಸುಳ್ಳನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನೇ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಜುಬೈದಕ್ಕ ಕಣ್ಣೊರೆಸಿಕೊಂಡು ಮಾತು ಮುಂದುವರಿಸಿದರು.

"ನೀವು ಬಂದು ಹೋದ ದಿವಸ ಸಂಜೆ ಹನಾಳನ್ನು ಹತ್ತಿರ ಕರೆದು, ಆ ನೆರಳು ಗೋಡೆ ಹತ್ತುದನ್ನು ಪುನಃ ಮೊದಲಿಂದ ಹೇಳಿದ್ರು. ಅದು ನಿಜವಾಗಿ ಉಂಟಾ ಅಂತ ಅವಳು ಕೇಳಿದ್ಲು. 'ಮಾಡಿದವಳೇ ಇವತ್ತು ಬಂದಿದ್ದಳಲ್ಲ, ಗೇಟಿನ ಹತ್ತಿರ ನೀನು ನೋಡ್ಲಿಲ್ವಾ?' ಅಂದ್ರು."