ಗೌರತ್ತೆಯ ಸೀರೆಯ ಮೇಲಿನ ಹುಡುಗಿ

ಗಂಜಿ ಹಾಕಿ ಒಣಗಿಸಿದ ಬಿಳಿ ಬಟ್ಟೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ. ಅದು ಗೌರತ್ತೆಯ ವಾಸನೆ, ಜೊತೆಗೆ ಒಂದಿಷ್ಟು ವಿಭೂತಿಯದೂ ಸೇರಿರುತ್ತಿತ್ತು. ಗೌರತ್ತೆ ನಮ್ಮಪ್ಪನ ಅಕ್ಕ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು, ಹಿತ್ತಿಲ ಬಾಗಿಲು ದಾಟಿ ಊರೊಳಗೆ ಹೋದದ್ದನ್ನು ನಾನು ಕಂಡೇ ಇಲ್ಲ. ಚುಂಚನಕಟ್ಟೆಯ ಹತ್ತಿರದ ಊರು ನಮ್ಮದು. ಮಳೆಗಾಲದಲ್ಲಿ ಕಾವೇರಿ ಧುಮುಕುವ ಸದ್ದು ಆ ಹಿತ್ತಿಲಿಗೂ ಕೇಳಿಸುತ್ತಿತ್ತು. ಅವಳು ಎಷ್ಟೋ ವರ್ಷಗಳಿಂದ ಆ ಹೊಳೆಯನ್ನು ಕೇಳಿದ್ದಳೇ ಹೊರತು ನೋಡಿರಲಿಲ್ಲ.

ಅಪ್ಪ ಊರ ಶಾಲೆಯ ಮೇಷ್ಟ್ರು. ಲೆಕ್ಕ, ಕಾಗುಣಿತ ಕಲಿತರೆ ಸಾಲದು, ಮಕ್ಕಳು ನಾಲ್ಕು ಜನರ ಜೊತೆ ಬಾಳುವುದನ್ನೂ ಕಲಿಯಬೇಕೆಂಬುದು ಅವರ ಹಟ. ಐವತ್ತರ ದಶಕದ ಆ ವರ್ಷ ನನಗೆ ಒಂಬತ್ತು. ಶಾಲೆಗಳಿಗೆ ಕಿರುಚಿತ್ರ ತೋರಿಸುವ ಜೀಪು ಎರಡು ದಿನಕ್ಕೆಂದು ನಮ್ಮೂರಿಗೂ ಬಂತು. ಅದರ ಪರದೆ ಹರಿದಿತ್ತು. ಅಪ್ಪ ಗೌರತ್ತೆಯ ಒಳ್ಳೆಯ ಬಿಳಿ ಸೀರೆಯನ್ನೇ ತಂದು ಗೋಡೆಗೆ ಬಿಗಿದು, ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟರು. ಸೀರೆಯ ಮೇಲೆ ಒಂದು ಶಾಲೆ ಮೂಡಿತು. ಹೊಸದಾಗಿ ಸೇರಿದ ಹುಡುಗಿ, ಅವಳನ್ನು ಆಟಕ್ಕೆ ಸೇರಿಸದ ಮಕ್ಕಳು. ಅವಳು ಮರದಡಿ ಒಬ್ಬಳೇ ನಿಂತಾಗ ಅಪ್ಪ ಯಂತ್ರ ನಿಲ್ಲಿಸಿಬಿಟ್ಟರು. ಅಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ, ಯೋಚಿಸಿಕೊಂಡು ಬನ್ನಿ, ಮಿಕ್ಕದ್ದು ನಾಳೆ ಎಂದರು.

ಸಂಜೆ ಕಥೆಯನ್ನೆಲ್ಲ ಗೌರತ್ತೆಗೆ ಒಪ್ಪಿಸಿದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಿ, “ಆ ಮಗಿನ ಯಾರೂ ಕರೀನಿಲ್ವಾ?” ಎಂದು ಕೇಳಿದಳು. ನಾಳೆ ಗೊತ್ತಾಗುತ್ತದೆ ಎಂದೆ. ಬೀಸುವ ಕಲ್ಲಿನ ಗೂಟ ಹಿಡಿದುಕೊಂಡೇ ಅವಳು ಹೇಳಿದಳು:

“ನಂಗೂ ನೋಡ್ಬೇಕು ಕಣವ್ವ. ಒಬ್ಳೇ ಬರಕಾಗಕಿಲ್ಲ. ನೀನು ಕೈ ಇಡ್ಕಂಡು ಕರ್ಕೊಂಡೋದ್ರೆ ಇಂದ್ಗಡೆ ನಿಂತ್ಕಂಡು ನೋಡ್ಬುಟ್ಟು ಬತ್ತೀನಿ.”

ನಾನು ಹೂಂ ಎಂದೆ. ಅಪ್ಪನೂ ಹಿಗ್ಗಿ ಒಪ್ಪಿದರು.

ಮರುದಿನ ಅವಳು ತೇಪೆಯ ಹಳೇ ಸೀರೆಯುಟ್ಟು, ಹಣೆಗೆ ವಿಭೂತಿ ಇಟ್ಟು, ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದ್ದಳು. ಅಷ್ಟರಲ್ಲಿ ಗೆಳತಿ ಪುಟ್ಟತಾಯಿ ಮುಂಬಾಗಿಲಿಗೆ ಬಂದಳು. ವಿಷಯ ಕೇಳಿ, ನಿಮ್ಮತ್ತೆ ಎದುರಿಗೆ ಬಂದರೆ ಬೀದಿಯವರೆಲ್ಲ ಮುಖ ತಿರುಗಿಸುತ್ತಾರೆ ಎಂದಳು. ನನಗೆ ನಾಚಿಕೆಯಾಯಿತು. ಸದ್ದಾಗದ ಹಾಗೆ ಮುಂಬಾಗಿಲಿಂದಲೇ ಪುಟ್ಟತಾಯಿಯ ಜೊತೆ ಓಡಿಬಿಟ್ಟೆ. ಶಾಲೆಯಲ್ಲಿ ಗೌರತ್ತೆ ಎಲ್ಲಿ ಎಂದು ಅಪ್ಪ ಕೇಳಿದಾಗ, ಬರಲ್ಲವಂತೆ ಎಂದು ಸುಳ್ಳು ಹೇಳಿದೆ. ಒಂಟಿ ನಿಂತ ಆ ಹುಡುಗಿಯನ್ನು ಯಾರು ಹೋಗಿ ಕರೆಯುತ್ತೀರಿ ಎಂದಾಗ ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ. ಅಪ್ಪ ಭೇಷ್ ಎಂದರು. ಆಮೇಲೆ ಯಂತ್ರ ಓಡಿತು; ಸೀರೆಯ ಮೇಲಿನ ಮಕ್ಕಳು ಅವಳನ್ನು ಆಟಕ್ಕೆ ಕರೆದರು.

ಸಂಜೆ ಜೀಪು ಹೊರಟುಹೋಯಿತು. ಗೌರತ್ತೆ ಬೈಯಲಿಲ್ಲ. ವಾಪಸು ಬಂದ ಸೀರೆಯನ್ನು ಇಳಿಬಿಸಿಲಿಗೆ ಹಿಡಿದು ಆ ಕೊನೆಯಿಂದ ಈ ಕೊನೆಯವರೆಗೂ ನೋಡಿದಳು. ಆಮೇಲೆ, “ಆ ಮಗಿನ ಕರದ್ರೇನವ್ವ?” ಎಂದಳು. ಕರೆದರು ಎಂದೆ. “ಸದ್ಯ, ಒಳ್ಳೇದಾಯ್ತು ಬುಡು” ಎಂದು ಸೀರೆ ಮಡಿಸಿದಳು. ಆ ಚಳಿಗಾಲ ಜ್ವರದಲ್ಲಿ ಹೋದವಳನ್ನು ಅದೇ ಸೀರೆಯಲ್ಲಿ ಮಣ್ಣು ಮಾಡಿದರು.

ಈಗ ಅಪ್ಪನಿಲ್ಲ, ಆ ಮನೆಯೂ ಇಲ್ಲ. ನೀವೂ ಯಾರನ್ನಾದರೂ ಹಾಗೆ ಕಾಯಲು ಬಿಟ್ಟು ಬಂದಿದ್ದರೆ ನನ್ನನ್ನು ನೋಡಿ ನಗಲಾರಿರಿ. ಎಲ್ಲಾದರೂ ಹಗ್ಗದ ಮೇಲೆ ಬಿಳಿ ಸೀರೆ ಒಣಹಾಕಿದ್ದರೆ ಅದರ ಹಿಂದೆ ಯಾರೋ ನಿಂತಂತೆ ಕಾಣುತ್ತದೆ. ಹತ್ತಿರ ಹೋಗಿ, ಕೈ ಚಾಚಿ, ಬಾ ಗೌರತ್ತೆ, ಹೋಗೋಣ ಎನ್ನುತ್ತೇನೆ. ಕೈಗೆ ಒದ್ದೆ ಬಟ್ಟೆ ತಾಗುತ್ತದೆ.