ಪರಮಪ್ರಸಾದಕ್ಕೆ ಒಂದು ವರ್ಷ ತಡ

ಮಗಳಿಗೆ ಒಂಬತ್ತು ತುಂಬಿದ ವರ್ಷ, ಚರ್ಚಿನಲ್ಲಿ ಅವಳ ಪ್ರಥಮ ಪರಮಪ್ರಸಾದಕ್ಕೆ ಇನ್ನು ಮೂರು ವಾರ ಇರುವಾಗ, ಅವಳು ತಾನು ಬರುವುದಿಲ್ಲ ಎಂದುಬಿಟ್ಟಳು. ಸಂಜೆ ಚಹದ ಹೊತ್ತು. ಬಿಳಿ ಫ್ರಾಕು ಹೊಲಿದು ಬಂದು ಕಪಾಟಿನಲ್ಲಿ ತೂಗುತ್ತಿತ್ತು. ಕುಮಟೆಯ ನನ್ನ ಕಡೆಯವರಿಗೂ ಮಾವಳ್ಳಿಯ ಹೆಂಡತಿಯ ತವರಿಗೂ ಹೇಳಿ ಆಗಿತ್ತು.

"ಎಂತಕ್ಕೆ?" ಎಂದು ಹೆಂಡತಿ ಕೇಳಿದಳು.

"ಸುಮ್ನೆ. ನಾ ಬರೂದಿಲ್ಲ."

ನಮ್ಮ ಮನೆಮಾತು ಕೊಂಕಣಿ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಬರೆಯಲು ಬರುವುದೂ ಕನ್ನಡವೇ. ಹಾಗಾಗಿ ಮನೆಯವರ ಮಾತನ್ನು ಇಲ್ಲಿ ಹೊನ್ನಾವರದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪರಮಪ್ರಸಾದ ಸ್ವೀಕರಿಸುವ ಮೊದಲು ಮಕ್ಕಳು ಒಬ್ಬೊಬ್ಬರಾಗಿ ಫಾದರ್ ಹತ್ತಿರ ಹೋಗಿ ತಮ್ಮ ತಪ್ಪುಗಳನ್ನು ಹೇಳಿಕೊಳ್ಳಬೇಕು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಅದನ್ನು ಎರಡು ತಿಂಗಳಿಂದ ಕಲಿಸುತ್ತಿದ್ದರು. ಮಗಳಿಗೆ ಪ್ರಾರ್ಥನೆಗಳೆಲ್ಲ ಬಾಯಿಪಾಠವಾಗಿದ್ದವು. ಅಂಜಿಕೆಯ ಸ್ವಭಾವದವಳೂ ಅಲ್ಲ. ಕಾರಣ ನಮಗೆ ಹೊಳೆಯಲಿಲ್ಲ.

ನನ್ನ ತಾಯಿ ಆಗಲೇ ನಾಲ್ಕು ವರ್ಷಗಳಿಂದ ನಮ್ಮ ಜೊತೆಗಿದ್ದಳು. ಅವಳನ್ನು ಮನೆಯಲ್ಲಿ ಎಲ್ಲರೂ ಮಾಯ್ ಎನ್ನುತ್ತೇವೆ. ಅವಳು ಚಹದ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದಳು.

"ಎರಡು ಬಿಗಿದ್ರೆ ಬತ್ತದೆ. ನೀನೂ ಹಂಗೇ ಬಂದದ್ದು."

ನಾನು ಹಾಗೇ ಬಂದದ್ದು ನಿಜ. ಅಪ್ಪ ಹಡಗಿನಲ್ಲಿ ಅಡುಗೆಯವನಾಗಿದ್ದ. ವರ್ಷಕ್ಕೆ ಎರಡು ತಿಂಗಳು ಕುಮಟೆಯ ಮನೆಯಲ್ಲಿರುತ್ತಿದ್ದ. ಉಳಿದ ಹತ್ತು ತಿಂಗಳು ಮಾಯ್ ಒಬ್ಬಳೇ ಮೂರು ಮಕ್ಕಳನ್ನು ಸಾಕಿದಳು. ಸಂಜೆ ಏಳು ಗಂಟೆಗೆ ಜಪಮಾಲೆಯ ಪ್ರಾರ್ಥನೆ. ಸಿಮೆಂಟು ನೆಲದ ಮೇಲೆ ಮೊಣಕಾಲೂರಬೇಕು. ತೂಕಡಿಸಿದರೆ, ಒಂದು ಸಾಲು ತಪ್ಪಿದರೆ, ಪೇರಲೆ ಗಿಡದ ಬರಲಿನ ಏಟು. ಆ ಕೋಲು ಮನೆಯ ದೇವರ ಪೀಠದ ಪಕ್ಕದ ಮೂಲೆಯಲ್ಲೇ ಇರುತ್ತಿತ್ತು. ಪ್ರಾರ್ಥನೆಗಳು ನನಗೆ ಇಂದಿಗೂ ತಪ್ಪದೆ ಬರುತ್ತವೆ. ವಿಶ್ವಾಸಸಂಗ್ರಹ ಎಂಬ ಪ್ರಾರ್ಥನೆಯ ನಡುವೆ ಒಂದು ಕಡೆ, ನಾನು ಸದಾ ತಪ್ಪುತ್ತಿದ್ದ ಜಾಗದಲ್ಲಿ, ಕಾಲಿನ ಮೀನಖಂಡ ಈಗಲೂ ಬಿಗಿಯುತ್ತದೆ.

ಮಕ್ಕಳಿಗೆ ಹೊಡೆಯಬಾರದು ಎಂದು ನಾನು ಪುಸ್ತಕ ಓದಿ ನಿರ್ಧರಿಸಿದ್ದಲ್ಲ. ಮಗಳಿಗೆ ನಾಲ್ಕು ವರ್ಷವಿದ್ದಾಗ ಒಂದು ಭಾನುವಾರ ಚರ್ಚಿನ ಪೂಜೆಯ ನಡುವೆ, ಎಲ್ಲರೂ ಸುಮ್ಮನಿದ್ದ ಹೊತ್ತಿಗೆ, ಅವಳು ಅಂಗನವಾಡಿಯ ಹಾಡು ಶುರು ಮಾಡಿದಳು. ಎರಡು ಸಲ ಹೇಳಿದೆ. ಮೂರನೆಯ ಸಲಕ್ಕೆ ಬೆಂಚಿನ ಮರೆಯಲ್ಲಿ ಅವಳ ತೊಡೆ ಚಿವುಟಿದೆ. ಹಾಡು ನಿಂತಿತು. ಅವಳು ಅಳಲೂ ಇಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮರುದಿನ ಮಗುವಿಗೆ ಸ್ನಾನ ಮಾಡಿಸುವಾಗ ನೀಲಿ ಕಲೆಯನ್ನು ಕಂಡು ನನ್ನನ್ನು ಬಚ್ಚಲಿಗೆ ಕರೆದಳು.

"ಇದು ಎಂತ?"

ಹೇಳಿದೆ. ಅವಳು ಮತ್ತೇನೂ ಕೇಳದೆ ನೀರು ಹೊಯ್ದಳು. ಕಲೆ ನಾಲ್ಕು ದಿನ ಇತ್ತು. ಐದನೆಯ ದಿನ ಇಬ್ಬರೂ ಕೂತು ಮಾತಾಡಿದೆವು. ಕೈ ಎತ್ತಬಾರದು, ದೇವರ ಹೆಸರು ಹೇಳಿ ಹೆದರಿಸಬಾರದು ಎಂದು ತೀರ್ಮಾನಿಸಿದೆವು. ಆಮೇಲೆ ಜಪಮಾಲೆಯ ಹೊತ್ತಿಗೆ ಮಗಳು ಒಂದು ಹತ್ತು ಮಣಿ ಮುಗಿಸಿ ಎದ್ದು ಹೋದರೂ ಬಿಡುತ್ತಿದ್ದೆವು. ಪ್ರಶ್ನೆ ಕೇಳಿದರೆ ಗೊತ್ತಿದ್ದದ್ದು ಹೇಳುತ್ತಿದ್ದೆವು. ಮಾಯ್‌ಗೆ ಇದು ಹಿಡಿಸಲಿಲ್ಲ. ಆದರೂ ಸೊಸೆಯ ಮನೆ ಎಂಬ ಕಾರಣಕ್ಕೋ ಏನೋ, ಮೊಮ್ಮಗಳ ಮೇಲೆ ಅವಳು ಒಂದು ದಿನವೂ ಕೈ ಮಾಡಲಿಲ್ಲ.

ನಾನು ಫಾದರ್ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಕೆಲವು ಪ್ರಶ್ನೆ ಕೇಳಿದರು. ಕೊನೆಗೆ, "ಬಲವಂತ ಮಾಡಿ ಕೂರಿಸಿದರೆ ಅವಳು ಏನು ಸ್ವೀಕರಿಸಿದ ಹಾಗಾಯಿತು? ಮುಂದಿನ ವರ್ಷ ನೋಡೋಣ. ತರಗತಿಗೆ ಮಾತ್ರ ಕಳಿಸುತ್ತಿರಿ" ಎಂದರು. ನೆಂಟರಿಗೆಲ್ಲ ಫೋನು ಮಾಡಿ ಬರುವುದು ಬೇಡ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೆಲವರು ಮಗುವಿಗೆ ಜ್ವರವೇ ಎಂದು ಕೇಳಿದರು. ಒಬ್ಬರಿಗೆ ಹೌದು ಎಂದೆ.

ಆ ಭಾನುವಾರ ನಾವು ಎಂದಿನಂತೆ ಪೂಜೆಗೆ ಹೋದೆವು. ಬಿಳಿ ಬಟ್ಟೆಯ ಮಕ್ಕಳು ಮೋಂಬತ್ತಿ ಹಿಡಿದು ಸಾಲಾಗಿ ಬಂದರು. ಮಗಳು ಹೂವಿನ ಚಿತ್ರದ ಹಳೆಯ ಫ್ರಾಕಿನಲ್ಲಿ ನಮ್ಮಿಬ್ಬರ ನಡುವೆ ಕೂತಿದ್ದಳು. ನನಗೆ ಸಿಟ್ಟು ಬಂದಿತ್ತು. ಅದನ್ನು ಅಡಗಿಸಿಕೊಂಡೆ ಎಂಬುದಷ್ಟೇ ನಾನು ಆ ದಿನ ಮಾಡಿದ ಕೆಲಸ.

ಆರು ತಿಂಗಳು ಕಳೆದವು. ನವೆಂಬರಿನಲ್ಲಿ ಮೃತರ ಸ್ಮರಣೆಯ ದಿನ ಮಾಯ್ ಮತ್ತು ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಕುಮಟೆಗೆ ಹೋದೆ. ಅಪ್ಪನ ಸಮಾಧಿ ಅಲ್ಲಿದೆ. ಮಳೆಗಾಲದಲ್ಲಿ ಬೆಳೆದ ಹುಲ್ಲನ್ನು ನಾನು ಕಿತ್ತೆ. ಮಗಳು ಸೇವಂತಿಗೆ ಹೂ ಇಟ್ಟಳು. ಮಾಯ್ ಮೋಂಬತ್ತಿ ಹಚ್ಚಿ, ಗಾಳಿಗೆ ಕೈ ಅಡ್ಡ ಹಿಡಿದು, ಅಪ್ಪನ ಜೊತೆ ಮಾತಾಡತೊಡಗಿದಳು. ಅದು ಅವಳ ರೂಢಿ. ಮನೆಯ ಸುದ್ದಿಯನ್ನೆಲ್ಲ ಹೇಳುತ್ತಾಳೆ.

"ನೀವು ತಂದುಕೊಟ್ಟ ಜಪಮಾಲೆ ಕಳ್ಕಂಡೆ. ಬಸ್ಸಲ್ಲಿ ಬಿತ್ತು ಕಾಣ್ತದೆ. ಮೂವತ್ತು ವರ್ಷ ಇಟ್ಕಂಡಿದ್ದೆ. ನಂಗೆ ಈಗ ಎಂತದೂ ನೆನಪಿರೂದಿಲ್ಲ. ಸಿಟ್ಟು ಮಾಡ್ಕಬೇಡಿ."

ಅಪ್ಪ ಹಡಗಿನ ಕೆಲಸದಲ್ಲಿದ್ದಾಗ ತಂದ ನೀಲಿ ಗಾಜಿನ ಮಣಿಗಳ ಜಪಮಾಲೆ ಅದು. ಆ ವರ್ಷ ಬೇಸಿಗೆಗೆ ಮೊದಲು ಕಾಣೆಯಾಗಿತ್ತು. ಮಾಯ್ ಒಂದು ವಾರ ಹುಡುಕಿ, ಕೊನೆಗೆ ತನ್ನ ಮರೆವನ್ನೇ ಬೈದುಕೊಂಡು ಸುಮ್ಮನಾಗಿದ್ದಳು.

ನನ್ನ ಹಿಂದೆ ಮಗಳು ಅಳುವ ಸದ್ದು ಕೇಳಿತು.

"ಮಾಯ್, ನೀ ಕಳೀಲಿಲ್ಲ. ಅದು ನಾ ಹರ್ದದ್ದು."

ಟೀಚರ್ ಆಟ ಆಡಲು ಕೊರಳಿಗೆ ಹಾಕಿಕೊಂಡಿದ್ದಳಂತೆ. ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿಯಿತು. ಸಿಕ್ಕಷ್ಟು ಮಣಿ ಹೆಕ್ಕಿ ಪೌಡರ್ ಡಬ್ಬಿಗೆ ತುಂಬಿ, ಬಚ್ಚಲೊಲೆಯ ಪಕ್ಕ ತೆಂಗಿನ ಸಿಪ್ಪೆಯ ರಾಶಿಯ ಹಿಂದೆ ಇಟ್ಟಿದ್ದಳು.

ಮಾಯ್ ಅವಳ ಕಡೆಗೆ ಕೈ ಚಾಚಿದಳು. ಮಗಳು ತಟ್ಟನೆ ಎರಡೂ ತೋಳು ತಲೆಯ ಮೇಲಿಟ್ಟುಕೊಂಡು ಕುಗ್ಗಿದಳು.

ಆ ಭಂಗಿ ನನಗೆ ಗೊತ್ತು. ಚಿಕ್ಕವನಿದ್ದಾಗ ನಾನೂ ಹಾಗೇ ಮಾಡುತ್ತಿದ್ದೆ. ಒಂದು ಏಟೂ ತಿನ್ನದ ನನ್ನ ಮಗಳು ಅದನ್ನು ಎಲ್ಲಿ ಕಲಿತಳು ಎಂದು ಆ ಕ್ಷಣಕ್ಕೆ ತಿಳಿಯಲಿಲ್ಲ. ಮಾಯ್‌ನ ಕೈ ಅರ್ಧದಲ್ಲೇ ನಿಂತಿತು.

"ನಾ ಯಾವತ್ತಾದ್ರೂ ನಿಂಗೆ ಹೊಡ್ದಿದ್ನಾ?"

"ಪಪ್ಪನಿಗೆ ಹೊಡೀತಿದ್ಯಲ್ಲ."

"ಯಾರು ಹೇಳಿದ್ದು?"

"ಪಪ್ಪ. ಊಟ ಮಾಡುವಾಗ ಹೇಳ್ತ್ರು. ನಗಾಡ್ತಾ ಹೇಳ್ತ್ರು."

ಅದೂ ನಿಜ. ಪೇರಲೆ ಬರಲಿನ ಕಥೆಗಳು ನಮ್ಮ ಮನೆಯ ತಮಾಷೆಗಳಾಗಿದ್ದವು. ನಾನು ಮೇಜಿನ ಸುತ್ತ ಓಡಿದ್ದು, ಅಣ್ಣ ಚಡ್ಡಿಯೊಳಗೆ ನೋಟ್‌ಬುಕ್ ಇಟ್ಟುಕೊಂಡು ಪ್ರಾರ್ಥನೆಗೆ ಕೂತದ್ದು. ನೆಂಟರು ಬಂದಾಗ ನಾನು ಅವನ್ನು ಅಭಿನಯಿಸಿ ತೋರಿಸುತ್ತಿದ್ದೆ. ಮಾಯ್ ಕೂಡ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಮಗಳು ಎಲ್ಲರ ಜೊತೆ ನಗುತ್ತಾ ಅವನ್ನು ಕೇಳಿಸಿಕೊಂಡಿದ್ದಳು.

ಮಾಯ್ ಪಕ್ಕದ ಕಟ್ಟೆಯ ಮೇಲೆ ಕೂತಳು.

"ಹೌದು. ಹೊಡೀತಿದ್ದೆ. ನಂಗೂ ಹಂಗೇ ಕಲ್ಸಿದ್ದು. ಭಯ ಇಲ್ದಿದ್ರೆ ಮಕ್ಕಳು ದೇವ್ರ ಹತ್ರ ಹೋಗೂದಿಲ್ಲ ಅಂತ ಅಂದ್ಕಂಡಿದ್ದೆ."

"ನಂಗೆ ಭಯ ಆತು. ಅದ್ಕೇ ಹೋಗ್ಲಿಲ್ಲ" ಎಂದಳು ಮಗಳು.

ಅವಳ ಲೆಕ್ಕಾಚಾರ ಬಸ್ಸಿನಲ್ಲಿ ಮರಳುವಾಗ ಸ್ವಲ್ಪಸ್ವಲ್ಪವಾಗಿ ಹೊರಗೆ ಬಂತು. ಫಾದರ್ ಮುಂದೆ ಎಲ್ಲ ತಪ್ಪನ್ನೂ ಹೇಳಬೇಕು, ಒಂದನ್ನೂ ಮುಚ್ಚಿಡಬಾರದು ಎಂದು ತರಗತಿಯಲ್ಲಿ ಕಲಿಸಿದ್ದರು. ಹೇಳಿದರೆ, ಹೋಗಿ ಅಜ್ಜಿಯ ಹತ್ತಿರ ಒಪ್ಪಿಕೋ ಎನ್ನುತ್ತಾರೆ. ಒಪ್ಪಿಕೊಂಡರೆ ಅಜ್ಜಿ ಹೊಡೆಯುತ್ತಾಳೆ. ಹೇಳದೆ ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಬರುವುದೇ ಇಲ್ಲ ಎಂದಳು. ಒಂಬತ್ತು ವರ್ಷದ ಮಗು ತಾನೊಬ್ಬಳೇ ಇಷ್ಟನ್ನು ಯೋಚಿಸಿ ಆರು ತಿಂಗಳಿಗೂ ಹೆಚ್ಚು ಮನಸ್ಸಿನಲ್ಲೇ ಇಟ್ಟುಕೊಂಡಿತ್ತು. ನಮ್ಮ ಹತ್ತಿರವಾದರೂ ಹೇಳಬಹುದಿತ್ತಲ್ಲ ಎಂದೆ. "ನೀವು ಮಾಯ್ ಹತ್ರ ಕರ್ಕಂಡೋಗ್ತಿದ್ರಿ" ಎಂದಳು.

ಮನೆಗೆ ಬಂದು ಡಬ್ಬಿ ತೆಗೆದೆವು. ಮಾಯ್ ಮತ್ತು ಮಗಳು ಚಾಪೆಯ ಮೇಲೆ ಕೂತು ಗಾಳದ ದಾರದಲ್ಲಿ ಮಣಿ ಪೋಣಿಸಿದರು. ಎರಡು ಮಣಿ ಸಿಗಲಿಲ್ಲ. "ಎರಡು ನಾ ಬೆರಳ ಮೇಲೆ ಎಣಿಸ್ತೆ. ಆತು ಬಿಡು" ಎಂದಳು ಮಾಯ್. ಹೆಂಡತಿಗೆ ನಾನು ಅಡುಗೆಮನೆಯಲ್ಲಿ ಎಲ್ಲ ಹೇಳಿದೆ. ಅವಳು ಮೀನು ತೊಳೆಯುತ್ತಿದ್ದಳು.

"ನಿಮ್ಮ ಕಥೆಗೆ ನಾನೂ ನಗ್ತಿದ್ದೆ" ಎಂದಳು.

ಮಾಯ್ ನನ್ನ ಹತ್ತಿರ ಆ ಬಗ್ಗೆ ಬೇರೆ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಕಥೆಗಳನ್ನು ಹೇಳುವುದು ನಿಲ್ಲಿಸಿದೆ. ಅಣ್ಣ ಬಂದಾಗ ಒಮ್ಮೆ ಶುರು ಮಾಡಿದ. ಮಾಯ್ ಎದ್ದು ಒಳಗೆ ಹೋದಳು, ಅವನು ಅರ್ಧಕ್ಕೆ ನಿಲ್ಲಿಸಿದ.

ಮರುವರ್ಷ ಮಗಳು ಪರಮಪ್ರಸಾದ ಸ್ವೀಕರಿಸಿದಳು. ಫ್ರಾಕು ಗಿಡ್ಡವಾಗಿತ್ತು, ಕೆಳಗೆ ಲೇಸು ಸೇರಿಸಿ ಹೊಲಿಸಿದೆವು. ನೆಂಟರನ್ನು ಈ ಸಲ ಕಡಿಮೆ ಕರೆದೆವು. ಹಿಂದಿನ ದಿನ ಪಾಪನಿವೇದನೆ ಮುಗಿಸಿ ಹೊರಗೆ ಬಂದವಳನ್ನು ಒಳಗೆ ಏನು ಹೇಳಿದೆ ಎಂದು ನಾವು ಕೇಳಲಿಲ್ಲ. ಐಸ್‌ಕ್ರೀಮ್ ಬೇಕು ಎಂದಳು. ಬಸ್ ಸ್ಟ್ಯಾಂಡಿನ ಹತ್ತಿರ ಕೊಡಿಸಿದೆ.

ಈಗ ಅವಳಿಗೆ ಹದಿನೈದು. ಕೆಲವು ಭಾನುವಾರ ಇವತ್ತು ಪೂಜೆಗೆ ಬರುವುದಿಲ್ಲ ಎನ್ನುತ್ತಾಳೆ. ಒಮ್ಮೊಮ್ಮೆ ಕಾರಣ ಹೇಳುತ್ತಾಳೆ, ಒಮ್ಮೊಮ್ಮೆ ಇಲ್ಲ. ನಾವು ಮೂವರೂ ಹೋಗಿ ಬರುತ್ತೇವೆ. ದಾರಿಯಲ್ಲಿ ಮಾಯ್ ಗೊಣಗುವುದುಂಟು, ನನಗೂ ಒಳಗೊಳಗೆ ಕಳವಳ ಇರುತ್ತದೆ. ಮರಳಿ ಬರುವಷ್ಟರಲ್ಲಿ ಮಗಳು ಅನ್ನಕ್ಕಿಟ್ಟು, ಕಾಯಿ ತುರಿದು ಇಟ್ಟಿರುತ್ತಾಳೆ. ಇವತ್ತು ಫಾದರ್ ಏನು ಹೇಳಿದರು ಎಂದು ಕೇಳುತ್ತಾಳೆ. ನೆನಪಿದ್ದಷ್ಟು ಹೇಳುತ್ತೇನೆ.